ಲಂಪರ್ ಎನ್ನಬೇಕಿದ್ದ ಪಟ್ಟು

೧.

ಅನುಕ್ರಮ ಹೀಗಿದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಇಂಗ್ಲೆಂಡಿನ ಮೀನು ಬಂದರಾದ ಗ್ರಿಮ್ಸ್‌ಬಿಯ ಕಾರ್ಮಿಕರ ಕ್ಲಬ್ಬಿನಲ್ಲಿ ರಿಂಗ್ ಕಟ್ಟಿ ಮುಗಿಯಿತು. ಒಂದೂ ನಲವತ್ತಕ್ಕೆ ಟೆರಿ ಮಂಬಿ ನನ್ನ ಕೈಗೆ ಒಂದು ಹಾಳೆ ಕೊಟ್ಟ. ಎರಡೂವರೆಗೆ ಮೊದಲ ಕುಸ್ತಿ. ಮೂರೂ ಇಪ್ಪತ್ತಕ್ಕೆ ಶೆಲ್ಲಿ ಆಸ್ಗರ್ಬಿಯ ಕುಸ್ತಿ. ಮೂರೂ ಮೂವತ್ತೊಂದಕ್ಕೆ ನಾನು ಮೈಕಿನಲ್ಲಿ ಎರಡು ಪದ ಕೂಗಿದೆ.

ಕಥೆಯನ್ನು ಇವುಗಳಲ್ಲಿ ಯಾವುದರಿಂದ ಆರಂಭಿಸಬೇಕು? ಕೊನೆಯದರಿಂದ ಆರಂಭಿಸಿದರೆ ಓದುಗರಾದ ನೀವು ನನ್ನನ್ನು ಕೂಡಲೇ ದ್ವೇಷಿಸುತ್ತೀರಿ. ಮೊದಲಿನಿಂದ ಆರಂಭಿಸಿದರೆ ಸ್ವಲ್ಪ ತಡವಾಗಿ ದ್ವೇಷಿಸುತ್ತೀರಿ. ಎರಡನೆಯ ಮಾರ್ಗವನ್ನು ಆರಿಸಿದ್ದೇನೆ. (ಹೇಡಿತನಕ್ಕೂ ಒಂದು ವಿಧಾನವಿರುತ್ತದೆ.)

೨.

(ಇದು ಮೂರನೆಯ ಕರಡು. ಮೊದಲೆರಡರಲ್ಲಿ ನಾನು ಒಳ್ಳೆಯವನಾಗಿದ್ದೆ; ಹರಿದು ಹಾಕಿದೆ.)

ವಾರದ ಐದು ದಿನ ಮೀನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹ್ಯಾಡಕ್ ಮೀನಿನ ತಾಜಾತನ ಅಳೆಯುತ್ತೇನೆ. ಭಾನುವಾರ ಕುಸ್ತಿಗೆ ವೀಕ್ಷಕ ವಿವರಣೆ ಹೇಳುತ್ತೇನೆ. ಯಾರು ಗೆಲ್ಲಬೇಕೆಂಬುದು ನಮ್ಮಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ, ನಗುವವರು ನಕ್ಕುಕೊಳ್ಳಲಿ. ಹೊಸ ಪಟ್ಟಿನ ವಿಷಯದಲ್ಲಿ ಮಾತ್ರ, ಎಲ್ಲೂ ಬರೆದಿಡದ ಒಂದು ನಿಯಮವಿದೆ. ಪಟ್ಟನ್ನು ಕಟ್ಟಿದವರು ಹೆಸರು ಆರಿಸುತ್ತಾರೆ. ಮೊದಲ ಪ್ರದರ್ಶನದಲ್ಲಿ ಮೈಕಿನವನು ಅದನ್ನು ಕೂಗುತ್ತಾನೆ. ಜನರ ಬಾಯಿಗೆ ಒಮ್ಮೆ ಬಿದ್ದ ಹೆಸರು ಮತ್ತೆ ಬದಲಾಗುವುದಿಲ್ಲ.

ಶೆಲ್ಲಿ ತನ್ನ ಪಟ್ಟನ್ನು ಎಂಟು ತಿಂಗಳು ಕಟ್ಟಿದಳು. ಎದುರಾಳಿಯನ್ನು ಬಲ ಹೆಗಲಿಗೆ ಅಡ್ಡಲಾಗಿ ಏರಿಸಿ, ನಿಂತು, ಸೊಂಟ ತಿರುಗಿಸಿ ನೆಲಕ್ಕೆ ಅಪ್ಪಳಿಸುವುದು. ಎತ್ತುವ ಆ ರೀತಿಯನ್ನು ಕಲಿಸಿದವರು ಅವಳ ತಾತ ವಿಲ್ಫ್. ಅವರು ಲಂಪರ್ ಆಗಿದ್ದವರು, ಎಂದರೆ ಟ್ರಾಲರುಗಳಿಂದ ಮೀನು ಇಳಿಸುವ ಹಮಾಲಿ. ದೋಣಿಗಳು ಹೋದವು, ಆ ಕೆಲಸವೂ ಹೋಯಿತು. ಊರಿನ ಯಾವ ಗೋಡೆಯ ಮೇಲೂ ವಿಲ್ಫ್ ಎಂಬ ಹೆಸರಿಲ್ಲ.

"ನಾನ್ ಎತ್ತಿ ನಿಂತಾಗ ಲಂಪರ್ ಅಂತ ಕೂಗು, ಸಾಕು. ತಾತ ಮುಂದಿನ ಸಾಲಲ್ಲೇ ಕೂತಿರ್ತಾರೆ. ಅವ್ರಿಗೇನೂ ಹೇಳಿಲ್ಲ ನಾನು," ಎಂದಿದ್ದಳು.

ಕೂಗುತ್ತೇನೆ ಎಂದಿದ್ದೆ.

೩.

ಟೆರಿ ಮಂಬಿ ನಮ್ಮ ಕುಸ್ತಿಗಳ ಆಯೋಜಕ. ಅಂದು ಲಂಡನ್ನಿನಿಂದ ಟಿ.ವಿ.ಯವರು ಚಿತ್ರೀಕರಣಕ್ಕೆ ಬಂದಿದ್ದರು. ಅವರಿಗೆ 'ಬ್ರಿಟಿಷ್ ಸೊಗಡು' ಬೇಕಿತ್ತಂತೆ. ಅದಕ್ಕೆಂದೇ ಟೆರಿ ಪಟ್ಟುಗಳಿಗೆಲ್ಲ ಹೊಸ ನಾಮಕರಣ ಮಾಡಿ ಹಾಳೆಯಲ್ಲಿ ಬರೆದು ತಂದಿದ್ದ. ಹಗ್ಗದ ಮೇಲಿಂದ ಜಿಗಿಯುವುದು ಡಬಲ್ ಡೆಕರ್. ಕತ್ತು ಹಿಡಿದು ನಿಲ್ಲಿಸಿಕೊಳ್ಳುವುದು ಸರತಿ ಸಾಲು. ಇಬ್ಬರು ಸೇರಿ ಒಬ್ಬನನ್ನು ಅಮುಕುವುದು ಸೌತೆಕಾಯಿ ಸ್ಯಾಂಡ್‌ವಿಚ್. ಎದುರಾಳಿಯ ಕಾಲು ತುಳಿದು ಕ್ಷಮೆ ಕೇಳುವುದಕ್ಕೂ ಒಂದು ಹೆಸರಿತ್ತು. ಅದನ್ನು ಇಲ್ಲಿ ಬರೆಯಲಾರೆ, ಪೆನ್ನು ಮುರಿದೀತು. ಶೆಲ್ಲಿಯ ಪಟ್ಟಿನ ಎದುರು ಇದ್ದದ್ದು: ಕ್ರೀಮ್ ಟೀ.

ಕ್ರೀಮ್ ಟೀ ಎಂದರೆ ಬನ್ನಿನಂಥ ಸ್ಕೋನ್‌ಗೆ ಕೆನೆ, ಜಾಮ್ ಬಳಿದು ಚಹಾದ ಜೊತೆ ತಿನ್ನುವುದು. ಇಲ್ಲಿಂದ ಮುನ್ನೂರು ಮೈಲಿ ದೂರದ ಡೆವನ್ನಿನ ಉಪಾಹಾರ. ನಮ್ಮ ಬೀದಿಯಲ್ಲಿ ಅದನ್ನು ತಿಂದವರ ಸಂಖ್ಯೆ, ನಾನು ವಿಚಾರಿಸಿದ ಮಟ್ಟಿಗೆ, ಸೊನ್ನೆ. ಮೀನು ನಾರುವ ಬಟ್ಟೆ ತೊಟ್ಟು ಬೆನ್ನು ಸವೆಸಿದವರು ಬ್ರಿಟನ್ ಅಲ್ಲವೆಂದೂ ಕೆನೆ ಬಳಿದವರು ಮಾತ್ರ ಬ್ರಿಟನ್ ಎಂದೂ ತೀರ್ಮಾನಿಸಿದ ಸಭೆ ಯಾವುದು? ಅದಕ್ಕೆ ನಮ್ಮನ್ನು ಯಾರು ಕರೆದಿದ್ದರು?

(ಈ ಪ್ರಶ್ನೆಗಳನ್ನು ಟೆರಿಗೆ ಕೇಳಿದೆನೆಂದು ಎರಡನೆಯ ಕರಡಿನಲ್ಲಿತ್ತು. ಕೇಳಲಿಲ್ಲ.)

"ಲಂಪರ್ ಅಂದ್ರೆ ಯಾರಿಗ್ ಗೊತ್ತಾಗತ್ತಯ್ಯಾ? ಪಕ್ಕದೂರು ಕ್ಲೀಥಾರ್ಪ್ಸ್ ದಾಟಿದ್ರೆ ಯಾವ್ದೋ ಕಾಯಿಲೆ ಅಂದ್ಕೋತಾರೆ," ಎಂದ ಟೆರಿ. ಟಿ.ವಿ.ಯವರಿಗೆ ಹಿಡಿಸಿದರೆ ಅಲ್ಲಿನ ಮೈಕೂ ನನಗೇ ಖಾಯಂ ಎಂದು ಸೇರಿಸಿದ. ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟೆ.

೪.

ಈ ಕರಡು ಓದುತ್ತಿದ್ದ ಶೆಲ್ಲಿ ಇಲ್ಲಿ ಅಡ್ಡ ಬಂದಳು. ಕುಸ್ತಿಯ ನಂತರ ಅವಳು ಅಳುತ್ತಾ ಕುಳಿತಳೆಂದು ಬರೆದಿದ್ದೆ.

"ನಾನ್ ಅತ್ತಿಲ್ಲ. ತೆಗಿ ಅದನ್ನ."

ಓದುಗರಿಗೆ ಅನುಕಂಪ ಹುಟ್ಟಲಿ ಎಂದು ಸೇರಿಸಿದೆ ಎಂದು ಸಮಜಾಯಿಷಿ ಕೊಟ್ಟೆ.

"ಅನುಕಂಪ ಬೇಕಾಗಿರೋದು ನಿಂಗೆ. ಟೆರಿ ನನ್ ಪಟ್ಟಿಗೆ ಕೆನೆ ಬಳ್ದ, ನೀನು ಕಥೆಗ್ ಬಳೀತಿದೀಯ. ಆದದ್ದನ್ನ ಬರಿ."

ತೆಗೆದೆ.

೫.

ಆದದ್ದು. ಶೆಲ್ಲಿ ಎದುರಾಳಿಯನ್ನು ಹೆಗಲಿಗೇರಿಸಿದಳು. ಎಂಬತ್ತಾರರ ವಿಲ್ಫ್ ಕುರ್ಚಿಯ ಅಂಚಿಗೆ ಸರಿದರು. ಟೆರಿ ಕ್ಯಾಮೆರಾದ ಪಕ್ಕದಲ್ಲಿದ್ದ. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ನಾನು "ಕ್ರೀಮ್ ಟೀ" ಎಂದು ಕೂಗಿದೆ.

ಇನ್ನೂರು ಜನ ನಕ್ಕರು. ನಗು ಹೋಗಿ ಅದೇ ಹೆಸರಿನ ಘೋಷಣೆಯಾಯಿತು. ಶೆಲ್ಲಿ ಎದುರಾಳಿಯನ್ನು ಅಪ್ಪಳಿಸಿದಳು, ರೆಫರಿ ಮೂರು ಎಣಿಸಿದ, ಗೆದ್ದಳು. ಏನೂ ತಿಳಿಯದ ವಿಲ್ಫ್ ಮೊಮ್ಮಗಳ ಹೆಮ್ಮೆಯಲ್ಲಿ ಊರುಗೋಲು ಕುಟ್ಟುತ್ತಾ ಎಲ್ಲರಿಗಿಂತ ಜೋರಾಗಿ ಕ್ರೀಮ್ ಟೀ, ಕ್ರೀಮ್ ಟೀ ಎಂದು ಕೂಗಿದರು.

೬.

ಕುಸ್ತಿಯವರು ತಮ್ಮತಮ್ಮಲ್ಲಿ ಕೈಕುಲುಕುವುದು ಹತ್ತಿಯಷ್ಟು ಮೆತ್ತಗೆ. ರಿಂಗಿನಲ್ಲಿ ನಿನಗೆ ನೋವು ಮಾಡುವುದಿಲ್ಲ ಎಂಬ ಭರವಸೆ ಅದು. ಬಿಗಿಯಾಗಿ ಕುಲುಕುವುದು ಹೊರಗಿನವರ ಕೈಯನ್ನು. ಐದು ವರ್ಷ ಶೆಲ್ಲಿಯ ಕೈ ನನ್ನ ಕೈಗೆ ತಾಗಿದ್ದೇ ತಿಳಿಯುತ್ತಿರಲಿಲ್ಲ. ಅಂದು ನಾಲ್ಕೂ ಹತ್ತಕ್ಕೆ, ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ, ಬೆರಳ ಗೆಣ್ಣು ನೋಯುವಷ್ಟು ಬಿಗಿಯಾಗಿ ಕುಲುಕಿದಳು.

"ಬಂದಿದ್ದಕ್ಕೆ ಥ್ಯಾಂಕ್ಸ್ ಸಾರ್," ಎಂದಳು.

೭.

ಲಭ್ಯವಿರುವ ಮುಕ್ತಾಯಗಳು:

ಅ) ಮುಂದಿನ ಭಾನುವಾರ ನಾನು ಲಂಪರ್ ಎಂದು ಕೂಗುತ್ತೇನೆ. (ಕೂಗಿದೆ. ಜನ ನನ್ನನ್ನೇ ತಿದ್ದಿದರು.)

ಆ) ಟೆರಿಯ ಮುಖಕ್ಕೆ ಗುದ್ದುತ್ತೇನೆ. (ಬರೆಯುವಾಗ ಬಹಳ ಹಿತವಾಯಿತು. ಅದಕ್ಕೇ ನಂಬಿಕೆಗೆ ಅರ್ಹವಲ್ಲ.)

ಇ) ವಿಲ್ಫ್ ಅವರಿಗೆ ನಿಜ ಹೇಳುತ್ತೇನೆ. ಈ ಸಾಲಿನ ಮೇಲೆ ಶೆಲ್ಲಿ ಕೈಯಿಟ್ಟು ಕುಳಿತಿದ್ದಾಳೆ. "ಖುಷಿಯಾಗಿದಾರೆ ಅವ್ರು. ಅದನ್ನೂ ಕಿತ್ಕೋಬೇಡ."

ಮೂರೂ ಬೇಡ. ಮುಕ್ತಾಯ ಕೊಡುವ ಹಕ್ಕು ನನಗಿಲ್ಲ, ಅಳತೆ ಕೊಡಬಲ್ಲೆ. ಟಿ.ವಿ.ಯವರು ತೆಗೆದ ದೃಶ್ಯವನ್ನು ಹನ್ನೊಂದು ಸಲ ಗಡಿಯಾರ ಹಿಡಿದು ನೋಡಿದ್ದೇನೆ. ಅಭ್ಯಾಸದಲ್ಲಿ ಶೆಲ್ಲಿ ಎದುರಾಳಿಯನ್ನು ಹೆಗಲ ಮೇಲೆ ಇಟ್ಟುಕೊಂಡು ನಿಲ್ಲುತ್ತಿದ್ದುದು ಎರಡು ಸೆಕೆಂಡು. ಆ ಭಾನುವಾರ, ನಾನು ಬಾಯಿ ತೆರೆಯುವವರೆಗೆ, ಆರು.