ಹೆಗ್ಗದ್ದೆಗೆ ಬಂದ ಕಡಲಿನ ಪಾಚಿ

ಆ ಬೆಳಿಗ್ಗೆ ಹೆಗ್ಗದ್ದೆಯಲ್ಲಿ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ದೇವರು ಎಲೆಗಳನ್ನೆಲ್ಲ ಆಗಷ್ಟೇ ಒಗೆದು ಒಣಹಾಕಿದ ಹಾಗೆ. ಎಸ್ಟೇಟಿನ ಸಾಹುಕಾರ ವಲೇರಿಯನ್ ಜಗಲಿಯಲ್ಲಿ ಕೂತು, ಅಣ್ಣನ ಮಗಳು ಆಲ್ವಿಟಾ ಮಂಗಳೂರಿನಿಂದ ತಂದ ಗಾಜಿನ ಸೀಸೆಯನ್ನು ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದರು.

ಸೀಸೆಯಲ್ಲಿದ್ದದ್ದು ಕಡಲ ನೀರು, ಅದರೊಳಗೆ ಒಂದೇ ಜೀವಕೋಶದ ಹಸಿರು ಪಾಚಿ. ಅವಳು ಸಂಶೋಧನೆ ಮಾಡುವ ಲ್ಯಾಬಿನ ಎ.ಸಿ. ಕೆಟ್ಟು ಬೇರೆ ಸೀಸೆಗಳದೆಲ್ಲ ಸೆಕೆಗೆ ಸತ್ತಿತ್ತು. ಆಲ್ವಿಟಾಳ ವರ್ಷಗಳ ಕೆಲಸ ಈ ಒಂದರಲ್ಲಿ ಉಳಿದಿತ್ತು. ಬೆಟ್ಟದ ತಂಪಿಗೆ ಬದುಕೀತೆಂದು ಮಡಿಲಲ್ಲಿಟ್ಟುಕೊಂಡು ಘಾಟಿ ಹತ್ತಿಸಿದ್ದಳು.

"ಕಣ್ಣಿಗೇ ಕಾಣದ್ದರಲ್ಲಿ ಏನುಂಟು ಮಗಾ?" ಎಂದರು ವಲೇರಿಯನ್ನರ ಹೆಂಡತಿ ಲಿಲಿಯನ್.

"ಮರದ ಜೀವಕೋಶದಲ್ಲಿರೋದೆಲ್ಲ ಇದರಲ್ಲೂ ಉಂಟು ಮಾವ್ಶಿ, ಆದ್ರೆ ಒಂದೊಂದೇ. ಅದಕ್ಕೇ ಗಿಡದ ಬದುಕು ಹೇಗೆ ನಡೀತದೆ ಅಂತ ಇದರಲ್ಲಿ ನೋಡೋದು ಸುಲಭ. ಲೋಕದ ಉಸಿರಲ್ಲಿ ಅರ್ಧದಷ್ಟು ಕಡಲಿನ ಇಂಥ ಜೀವಗಳೇ ಮಾಡಿಕೊಡೋದು."

ಲಿಲಿಯನ್ ಶಿಲುಬೆಯ ಗುರುತು ಮಾಡಿಕೊಂಡರು. ವಲೇರಿಯನ್ ಕೇಳಿಸಿಕೊಳ್ಳಲಿಲ್ಲ, ಊರಿಗೆಲ್ಲ ವಿವರಿಸುವವರಿಗೆ ಕೇಳಲು ಪುರುಸೊತ್ತೆಲ್ಲಿ?

ಮಧ್ಯಾಹ್ನ ಊಟಕ್ಕೆ ಇಗರ್ಜಿಯ ಫಾದರ್ ಬರುವವರಿದ್ದರು. ಆಲ್ವಿಟಾ ಸ್ನಾನಕ್ಕೆ ಹೋದಾಗ ವಲೇರಿಯನ್ ಸೀಸೆಯನ್ನು ಬಿಸಿಲಿಗೆ ಹಿಡಿದು ಮುಖ ಸಿಂಡರಿಸಿದರು. ಅವರ ಲೆಕ್ಕದಲ್ಲಿ ವಿಜ್ಞಾನವಿದ್ದದ್ದು ನೀರಲ್ಲಿ. ಹಸಿರು ಅದಕ್ಕೆ ಹಿಡಿದ ಕೊಳೆ.

"ಲಕ್ಕಯ್ಯ, ಇದೇನೋ ಹಿಂಗಾಗೈತೆ?"

ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ನೀಲಿ ಹರಳು ಕರಗಿಸುತ್ತಿದ್ದ ಆಳು ಲಕ್ಕಯ್ಯ ಬಗ್ಗಿ ನೋಡಿದ. "ಪಾಚಿ ಕಟ್ಬುಟ್ಟೈತೆ ಅಯ್ಯಾ. ತೊಟ್ಟಿಗೆ ಹಾಕಲ್ವಾ, ಹಂಗೇ ಒಂದು ಚಿಟಿಕೆ ಮೈಲುತುತ್ತ ಬಿಟ್ರೆ ಸರಿಹೋಯ್ತದೆ."

"ಹಾಗಾದ್ರೆ ಒಂದು ಚಿಟಿಕೆ ಹಾಕು ಮಾರಾಯ. ಸೈನ್ಸ್ ಅಂದ್ರೆ ಮೊದ್ಲು ಕ್ಲೀನಿರ್ಬೇಕು."

ಊಟದ ಹೊತ್ತಿಗೆ ಹಸಿರು ಬಿಳಿಚಿ ತಳ ಸೇರಿತ್ತು. ವಲೇರಿಯನ್ ಫಾದರ್ ಮುಂದೆ ಸೀಸೆ ಎತ್ತಿ ಹಿಡಿದರು. "ನೋಡಿ ಫಾದರ್, ನಮ್ಮ ಹುಡುಗಿಯ ರಿಸರ್ಚು! ಕನ್ನಡಿ ಇದ್ದ ಹಾಗುಂಟು."

ಆಲ್ವಿಟಾ ಬಾಗಿಲಲ್ಲೇ ನಿಂತು ಚಿಕ್ಕಪ್ಪನನ್ನು ಕೇಳಿದಳು. "ಬಾಪ್ಪು, ಆ ಹಸಿರೇ ನನ್ನ ರಿಸರ್ಚು. ಏನು ಹಾಕಿದ್ರಿ?"

"ಮೈಲುತುತ್ತ," ಎಂದರು ವಲೇರಿಯನ್. ಅವಳು ತಿರುಗಿ ಒಳಗೆ ಹೋದಳು. ಹಾಕಿದ್ದು ಒಳ್ಳೇ ಕಂಪನಿಯದ್ದೇ ಎಂದು ಅವರು ಫಾದರ್‌ಗೆ ಸಮಜಾಯಿಷಿ ಕೊಟ್ಟರು. ಫಾದರ್ ಮೀನಿನ ಸಾರನ್ನು ಹೊಗಳಿದರು.

ಕೋಣೆಯಲ್ಲಿ ಅಳುತ್ತಿದ್ದ ಆಲ್ವಿಟಾಳ ಬಳಿಗೆ ಲಿಲಿಯನ್ ಬಂದರು. ಸೆರಗಿನಡಿಯಿಂದ ಬೆರಳುದ್ದದ ಒಂದು ಸೀಸೆ ತೆಗೆದರು. ಒಳಗೆ ಹಸಿರು ಹಾಗೇ ಇತ್ತು.

"ಬೆಳಿಗ್ಗೆ ನಿನ್ನ ಕೇಳದೇ ಸ್ವಲ್ಪ ಬಗ್ಗಿಸ್ಕೊಂಡಿದ್ದೆ. ಉಸಿರು ಕೊಡೋದು ಅಂದ್ಯಲ್ಲ, ದೇವಮಾತೆಯ ಪಾದದ ಹತ್ರ ಇಟ್ಟಿದ್ದೆ. ನಿಂದು ನಿಂಗೇ ಸೇರ್ಬೇಕು."

ಸೀಸೆಯನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಬಡಿಸಲು ಹೋದರು.