ಡೈನಮೋದ ಗಾಲಿಯಲ್ಲಿ ಚೆಂಡುಹೂವು

ವಕೀಲ ವಾದಿರಾಜರಾಯರ ಮನೆಯಿಂದ ಕರೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಅದಕ್ಕಾಗಿಯೇ ನಾನು ರಾಯಚೂರಿನಲ್ಲಿ ಬಿ.ಎಸ್ಸಿ. ಮುಗಿಸಿದ ಮೇಲೂ ಬೇರೆಲ್ಲಿಗೂ ಹೋಗದೆ ಮಾನ್ವಿಗೆ ಬಂದು ಕುಳಿತಿದ್ದೆ.

ನನ್ನ ಅಪ್ಪ ಬೂದೆಪ್ಪ ರಾಯರ ಅಂಬಾಸಿಡರ್ ಕಾರಿನ ಡ್ರೈವರ್. ಎಪ್ಪತ್ತೆಂಟರ ಆಯುಧಪೂಜೆಯಂದು ರಾಯರು ಮಡಿಯುಟ್ಟು, ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆಯೇ ಚೆಂಡುಹೂವಿನ ಹಾರ ಕಟ್ಟಿದರು. ಹೊರಡುವ ಮೊದಲು ಅದನ್ನು ತೆಗೆಯಬೇಕೆಂದು ಅಪ್ಪ ಕೇಳಿಕೊಂಡ. ದಶಮಿ ಮುಗಿಯುವ ತನಕ ನೀನು ಬಾನೆಟ್ ಮುಟ್ಟಿದರೆ ಮೈಲಿಗೆಯಾಗುತ್ತದೆ ಎಂದು ರಾಯರು ಗದರಿದರು. ಆ ದಿನವೇ ದೇವದುರ್ಗದ ದಾರಿಯಲ್ಲಿ ಕಾರು ಸೋತಿತು. ಏರಿನಲ್ಲಿ ಎಳೆಯಲಿಲ್ಲ, ರೇಡಿಯೇಟರಿನ ನೀರು ಕುದಿಯಿತು, ಸ್ಟೇರಿಂಗಿನ ಮುಂದಿನ ಕೆಂಪು ದೀಪ ಹೊತ್ತಿಕೊಂಡು ಆರಲೇ ಇಲ್ಲ. ಅಪ್ಪ ಹಾರದ ಮಾತನ್ನು ಮತ್ತೆ ಎತ್ತಿದ. ದೇವರ ಹೂವಿನ ಮೇಲೆ ತಪ್ಪು ಹೊರಿಸುತ್ತಾನೆಂದು ರಾಯರಿಗೆ ಸಿಟ್ಟು ಬಂತು. ಮರುದಿನ ಪೆಟ್ರೋಲ್ ಬಂಕಿನಲ್ಲಿ, ನಿಂತ ಜನರೆಲ್ಲ ಕೇಳುವಂತೆ, ಅಪ್ಪ ಪೆಟ್ರೋಲ್ ಮಾರಿಕೊಂಡು ಟ್ಯಾಂಕಿಗೆ ಸೀಮೆಎಣ್ಣೆ ಸುರಿದಿದ್ದಾನೆ ಎಂದರು. ಕೀಲಿಕೈ ಕಸಿದುಕೊಂಡರು. ಆಮೇಲೆ ಮಾನ್ವಿಯಲ್ಲಿ ಯಾರೂ ಅಪ್ಪನ ಕೈಗೆ ಗಾಡಿ ಕೊಡಲಿಲ್ಲ. ಅವನ ಹೆಸರು ‘ಸೀಮಿಎಣ್ಣಿ ಬೂದೆಪ್ಪ’ ಎಂದಾಯಿತು.

ನನಗೆ ಕರೆ ಬಂದದ್ದು ಅದೇ ವರ್ಷ ತುಳಸಿ ಲಗ್ನ ಕಳೆದ ಮೇಲೆ. ಅಂದು ಮಧ್ಯಾಹ್ನ ದೇವದುರ್ಗದಲ್ಲಿ ರಾಯರ ಮಗಳ ನಿಶ್ಚಯ. ಅಂಗಳದಲ್ಲಿ ಕಾರು ನಿಂತಿತ್ತು. ರೇಷ್ಮೆ ಸೀರೆಯುಟ್ಟ ಹೆಂಗಸರು ತಟ್ಟೆಗಳನ್ನು ಹಿಡಿದು ಕಾಯುತ್ತಿದ್ದರು. ಅಪ್ಪನ ನಂತರ ಬಂದಿದ್ದ ಡ್ರೈವರ್ ಉರುಕುಂದಪ್ಪ, ಸೀಮೆಎಣ್ಣೆಯ ಮಾತು ತನ್ನ ಮೇಲೂ ಬಂದೊಡನೆ, ಹಿಂದಿನ ದಿನವೇ ಕೆಲಸ ಬಿಟ್ಟಿದ್ದ. ರಾಯರಿಗೆ ಕಾರು ನಡೆಸಲು ಬರುತ್ತಿರಲಿಲ್ಲ, ನಾನು ಅಪ್ಪನಿಂದ ಗಾಡಿಯ ಕೆಲಸ ಕಲಿತಿದ್ದೆ.

“ಕಲತವ ಇದ್ದಿ, ಏನಾಗೇದ ನೋಡಪಾ,” ಎಂದರು ರಾಯರು. “ಆಮ್ಯಾಲ ದೇವದುರ್ಗಕ್ಕ ನೀನ ನಡಸ್ಕೊಂಡು ನಡಿ.”

“ಗಾಡಿ ದುರಸ್ತಿ ಮಾಡತೀನ್ರಿ,” ಎಂದೆ. ಅದಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ.

ಮೊದಲು ಕಾರ್ಬ್ಯುರೇಟರಿನ ನಳಿಗೆ ಬಿಚ್ಚಿ ಸ್ವಲ್ಪ ಪೆಟ್ರೋಲ್ ಹಿಡಿದೆ. ಅಡುಗೆಮನೆಯ ಸ್ಟೋವಿನಿಂದ ಸೀಮೆಎಣ್ಣೆ ತರಿಸಿದೆ. ಬಿಳಿ ಕಾಗದದ ಮೇಲೆ ಒಂದೊಂದು ಹನಿ ಬಿಟ್ಟು ಬಿಸಿಲಿಗಿಟ್ಟೆ.

“ಇದೇನೋ, ಎಂಜಿನ್ನಿನ ಜಾತಕಾ ಬರೀಲಿಕತ್ತೀಯೇನು?” ಎಂದರು ರಾಯರ ತಾಯಿ ವೆಂಕೂಬಾಯಿ.

“ಹೌದ್ರಿ ಅವ್ವಾರ. ಯಾವ ಗ್ರಹ ಕಾಡಾಕತ್ತದ ಅಂತ ನೋಡಾಕತ್ತೀನಿ.”

ಪೆಟ್ರೋಲಿನ ಹನಿ ಕಲೆಯಿಲ್ಲದೆ ಆರಿಹೋಯಿತು. ಸೀಮೆಎಣ್ಣೆ ಜಿಡ್ಡಾಗಿ ಉಳಿಯಿತು. ಕಾಗದವನ್ನು ರಾಯರ ಕೈಗೆ ಕೊಟ್ಟೆ. “ಇವತ್ತಿನ ಪೆಟ್ರೋಲ್ ಚೊಕ್ಕ ಅದ್ರಿ. ಬ್ಯಾನಿ ಮಾತ್ರ ಅವತ್ತಿಂದೇ ಅದ. ಅಂದಮ್ಯಾಲ ಬ್ಯಾನಿ ಪೆಟ್ರೋಲಿನಾಗ ಇಲ್ಲ.”

ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದೆ. ಕೆಂಪು ದೀಪ ಆರಲಿಲ್ಲ. ಅಂದರೆ ಡೈನಮೋ ಬ್ಯಾಟರಿಗೆ ಕರೆಂಟು ಕೊಡುತ್ತಿರಲಿಲ್ಲ. ಡೈನಮೋವನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ದೀಪ, ಕುದಿಯುವ ನೀರು, ಸೋಲುವ ಎಂಜಿನ್ ಮೂರಕ್ಕೂ ಒಂದೇ ಕಾರಣ ಸಾಕಾಗಿತ್ತು. ಎಂಜಿನ್ ಆರಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದೆ, ಸಡಿಲವಾಗಿ ತಗ್ಗಿತು. ಬೋಲ್ಟು ಬಿಚ್ಚಿ ಬೆಲ್ಟನ್ನು ಕಳಚಿದೆ. ಅದು ಕೂರಬೇಕಾದ ಡೈನಮೋದ ಗಾಲಿಯ ಹಳ್ಳದಲ್ಲಿ ಕಪ್ಪಗೆ ಏನೋ ಗಟ್ಟಿಯಾಗಿ ಸುತ್ತಿಕೊಂಡಿತ್ತು. ಅದರ ಮೇಲೆ ಜಾರಿ ಜಾರಿ ಬೆಲ್ಟು ಹಿಗ್ಗಿತ್ತು. ಬಟ್ಟೆಯಿಂದ ಒರೆಸಿದೆ. ಬಾಳೆನಾರು. ಅದರ ಒಳಸುತ್ತಿನಲ್ಲಿ ಚೆಂಡುಹೂವಿನ ಎಸಳೊಂದು ಇನ್ನೂ ಹಳದಿಯಾಗಿಯೇ ಇತ್ತು.

ರಾಯರು ಬಗ್ಗಿ ನೋಡಿದರು. ದಶಮಿ ಮುಗಿದ ಮೇಲೆ ಹಾರವನ್ನು ಅವರೇ ಕಿತ್ತಿದ್ದರು. ಅರ್ಧ ನಾರು ಮಾತ್ರ ಕೈಗೆ ಬಂದದ್ದು ಈಗ ಅವರಿಗೆ ನೆನಪಾಗಿರಬೇಕು.

“ತೆಗದುಬಿಡಪಾ,” ಎಂದರು.

“ನಿರ್ಮಾಲ್ಯ ರೀ ಅದು. ನಾ ಮುಟ್ಟಿದ್ರ ಮೈಲಿಗಿ ಆಗ್ತದ. ನೀವ ತೆಗೀರಿ.”

ಸ್ಕ್ರೂಡ್ರೈವರನ್ನು ಅವರ ಕೈಗಿತ್ತೆ. ನಾರು ಎಳೆಎಳೆಯಾಗಿ ಕಿತ್ತು ಬರುತ್ತಿತ್ತು. ಜರಿಯಂಚಿನ ಧೋತರಕ್ಕೆ ಗ್ರೀಸ್ ಹತ್ತಿತು, ಮೊಣಕೈವರೆಗೆ ತೋಳು ಕಪ್ಪಾಯಿತು. ನಾನು ನೆರವಾಗಬಹುದಿತ್ತು. ಕೈಕಟ್ಟಿ ನಿಂತು ನೋಡಿದೆ.

“ಇನ್ನ ಬೆಲ್ಟ್ ಹಾಕು.”

“ಬಂಕಿನಾಗ ಹಾಕತೀನ್ರಿ.”

“ಅಲ್ಲ್ಯಾಕ?”

“ಆ ಮಾತು ಅಲ್ಲೇ ಆಡಿದ್ರಿ.”

ರಾಯರು ಸ್ಕ್ರೂಡ್ರೈವರನ್ನು ಕೆಳಗೆಸೆದರು. “ನಾಳಿಂದ ಬೂದೆಪ್ಪಗ ಬಾ ಅನ್ನು. ಮುಗೀತಲ್ಲ?”

“ಮುಗೀಲಿಲ್ರಿ.” ಬೆಲ್ಟನ್ನು ಹೆಗಲಿಗೆ ಹಾಕಿಕೊಂಡು ನಾನು ಗೇಟು ದಾಟಿದೆ.

ಒಳಗಿನಿಂದ ಯಾರೋ, ಮುಹೂರ್ತ ಮೀರುತ್ತದೆ ಎಂದರು. ಗುಮಾಸ್ತರಿಬ್ಬರು ಕಾರನ್ನು ತಳ್ಳಿದರು. ರಾಯರೂ ಕೈ ಜೋಡಿಸಬೇಕಾಯಿತು. ಬೀದಿಯ ಕೊನೆಯಲ್ಲೇ ಬಂಕು. ಅಂದು ಎಲ್ಲವನ್ನೂ ಕೇಳಿಸಿಕೊಂಡಿದ್ದ ಬಂಕಿನ ದಸ್ತಗೀರ್ ಸಾಬ್ ಪಂಪಿನ ಬಳಿಯೇ ಇದ್ದ. ಭತ್ತದ ಲಾರಿಗಳ ಡ್ರೈವರುಗಳು ಚಹಾ ಕುಡಿಯುತ್ತಿದ್ದರು.

“ಬೂದೆಪ್ಪಂದು ತಪ್ಪಿರಲಿಲ್ಲ,” ಎಂದರು ರಾಯರು, ನೆಲ ನೋಡುತ್ತ.

ದಸ್ತಗೀರ್ ಸಾಬ್ ಕಿವಿಗೆ ಕೈ ಹಚ್ಚಿದ. “ಅವತ್ತ ನಿಮ್ಮ ಆವಾಜ್ ಭಾಳ ಜೋರಿತ್ರಿ ಸಾಹೇಬ್ರ. ಇವತ್ತ ಯಾಕೋ ಕೇಳವಲ್ದು.”

ಲಾರಿಯವರಲ್ಲಿ ಒಬ್ಬ ನಕ್ಕ. ರಾಯರು ತಲೆ ಎತ್ತಿದರು. “ಬೂದೆಪ್ಪ ಸೀಮಿಎಣ್ಣಿ ಹಾಕಿರಲಿಲ್ಲ. ನಾ ಕಟ್ಟಿದ ಹಾರ ಸಿಕ್ಕೊಂಡಿತ್ತು. ಅಂವ ಹೇಳಿದ್ದ. ನಾ ಕೇಳಲಿಲ್ಲ.”

ಬೆಲ್ಟು ಕೂರಿಸಿದೆ, ಬಿಗಿಮಾಡಿದೆ, ಬೋಲ್ಟು ತಿರುಗಿಸಿದೆ. ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದೊಡನೆ ಕೆಂಪು ದೀಪ ಆರಿತು. ಅಷ್ಟರಲ್ಲಿ ಹೆಂಗಸರೂ ನಡೆದು ಬಂದಿದ್ದರು. ಒಬ್ಬೊಬ್ಬರಾಗಿ ಹತ್ತಿ ಕುಳಿತರು. “ಹೂಂ, ನಡಿ,” ಎಂದರು ರಾಯರು.

ಎಂಜಿನ್ ಆರಿಸಿ ಕೆಳಗಿಳಿದೆ. ಅಪ್ಪನಿಂದ ಕಸಿದುಕೊಂಡ ಅದೇ ಕೀಲಿಕೈಯನ್ನು ಅವರ ಕಪ್ಪಾದ ಅಂಗೈಯಲ್ಲಿಟ್ಟೆ.

“ದುರಸ್ತಿ ಮಾಡತೀನಿ ಅಂದಿದ್ದೆ. ನಡಸ್ತೀನಿ ಅಂದಿದ್ದಿಲ್ರಿ.”

ರಾಯರು ಲಾರಿಯವರ ಕಡೆ ತಿರುಗಿದರು. ಒಬ್ಬ ತನ್ನ ಟೈರನ್ನು ಒದ್ದು ನೋಡಿದ. ಇನ್ನೊಬ್ಬ ಖಾಲಿ ಲೋಟದಿಂದ ಚಹಾ ಕುಡಿದ.

“ದೇವದುರ್ಗದ ಬಸ್ ಹೊಂಡೋ ಹೊತ್ತಾತ್ರಿ,” ಎಂದ ದಸ್ತಗೀರ್ ಸಾಬ್. “ಲಗೂ ಹೋದ್ರ ಸೀಟ್ ಸಿಗ್ತದ.”

ವೆಂಕೂಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊದಲು ಇಳಿದರು. ಮಗನ ಕಡೆ ನೋಡದೆ ಬಸ್ ನಿಲ್ದಾಣದತ್ತ ನಡೆದರು.

ಮನೆಯಲ್ಲಿ ಅಪ್ಪ ಕಟ್ಟೆಯ ಮೇಲಿದ್ದ. ರಾಯರ ಅಂಗಳದಿಂದ ಎತ್ತಿಕೊಂಡು ಬಂದಿದ್ದ ಕರಿನಾರಿನ ತುಂಡನ್ನು ಅವನ ಮುಂದಿಟ್ಟೆ. ಬೆರಳುಗಳ ನಡುವೆ ಹೊಸಕಿ, ಎಸಳನ್ನು ಗುರುತಿಸಿದ.

“ರಾಯ ಬಂಕಿನಾಗ ಅಂದ್ನೇನು?”

“ಎರಡ ಸಲ ಅಂದ್ರು.”

“ಬೆಲ್ಟ್ ಬಿಗಿ ಮಾಡಿದಿ?”

“ಮಾಡೀನಿ. ದೀಪ ಆರೇದ.”

“ಮತ್ತ ಯಾರು ನಡಸ್ಕೊಂಡು ಹ್ವಾದ್ರು?”

“ಯಾರೂ ಇಲ್ಲ. ಬಂಕಿನಾಗ ನಿಂತದ.”

ದಸರೆಯ ನಂತರ ಅಪ್ಪ ನಕ್ಕದ್ದನ್ನು ನಾನು ಮೊದಲ ಸಲ ಕಂಡೆ.