ಪಾಲಿಗೆ ಬಿಟ್ಟ ಕೋಳಿ

ಪುಷ್ಯದ ಚಳಿ ಬಿಗಿದಿತ್ತು. ಹೊಸಕೋಟೆ ಕಡೆಯ ಟೆಂಪೊಗಳು ಕೆ.ಆರ್. ಪುರದ ಸಂತೆಯಲ್ಲಿ ಅವರೆಕಾಯಿ ರಾಶಿ ಸುರಿದುಹೋಗುವ ಕಾಲ. ವೆಂಕಟಮ್ಮ ಜಗಲಿಯ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತು, ನೆನೆಹಾಕಿದ್ದ ಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದಳು. ಕಾಳು ಪುಚುಕ್ಕನೆ ಪಾತ್ರೆಗೆ ಹಾರುತ್ತಿತ್ತು, ಸಿಪ್ಪೆ ಬೆರಳಿಗೇ ಉಳಿಯುತ್ತಿತ್ತು. ಕೈ ಕಾಳಿನ ಮೇಲಿದ್ದರೂ ಕಣ್ಣು ಹಿತ್ತಿಲಿನ ಕಡೆಗೆ. ಹಿಂದೆ ರಾಗಿ ಒಕ್ಕುತ್ತಿದ್ದ ಕಣದಲ್ಲಿ ಈಗ ಶೀಟು ಹೊದಿಸಿದ ಬಾಡಿಗೆ ರೂಮುಗಳ ಸಾಲು. ಹೊತ್ತೇರಿದ್ದರೂ ಮೂಲೆ ರೂಮಿನ ಬಾಗಿಲ ಸಂದಿಯಲ್ಲಿ ಹಳದಿ ಬೆಳಕು ಕಾಣುತ್ತಿತ್ತು.

"ನೋಡು, ನೋಡು. ಹಗಲೊತ್ತಲ್ಲೂ ಲೈಟು! ಅವರಪ್ಪನ ಮನೆ ಕರೆಂಟು."

"ನಿಮ್ಮಪ್ಪನ ಮನೇದೂ ಅಲ್ವಲ್ಲ, ಸುಮ್ಕಿರು," ಎಂದ ಗಂಡ ಚಿಕ್ಕಮುನಿಯಪ್ಪ. ಹಾಗೆಂದು ಟವೆಲು ಕಿವಿಗೆ ಸುತ್ತಿಕೊಂಡು ಎದ್ದು ಹೋದ.

ರೂಮುಗಳಿಗೆಲ್ಲ ಒಂದೇ ಮೀಟರು. ಬಾಡಿಗೆಯಲ್ಲೇ ಕರೆಂಟೂ ಸೇರಿತ್ತು. ಬಿಲ್ಲು ಬಂದ ದಿನ ವೆಂಕಟಮ್ಮನಿಗೆ ಬಾಡಿಗೆಯವರೆಲ್ಲ ಸಾಲಾಗಿ ನಿಂತು ತನ್ನ ರಕ್ತ ಹೀರುತ್ತಿದ್ದಾರೆ ಅನ್ನಿಸುತ್ತಿತ್ತು. ರಾಯಚೂರಿನ ಕಡೆಯವರೆಂದರಂತೂ ಅವಳ ಮೂಗು ತಾನಾಗಿ ಮುರಿಯುತ್ತಿತ್ತು. ರೊಟ್ಟಿ ಬಡಿಯುವ ಸದ್ದು, ಒಣಮೆಣಸಿನ ಘಾಟು, ಆ ಎಳೆದಾಡುವ ಮಾತು. "ಕನ್ನಡವಂತೆ ಅದು! ನಮ್ಮ ಎಮ್ಮೆ ಇದಕ್ಕಿಂತ ಚೆನ್ನಾಗಿ ಮಾತಾಡ್ತಿತ್ತು," ಅನ್ನುತ್ತಿದ್ದಳು.

ಮಗ ಮುರಳಿ ಗೂಡ್ಸ್ ಆಟೊ ಓಡಿಸುತ್ತಿದ್ದ. ಶಿವಾಜಿನಗರಕ್ಕೆ ಲೋಡು ಹಾಕಲು ಹೋದವನು ಸಗಟು ಅಂಗಡಿಯಿಂದ ಎಲ್ಇಡಿ ಬಲ್ಬುಗಳ ಡಬ್ಬ ತಂದಿದ್ದ. ಒಂದನ್ನು ಜಗಲಿಯ ಹೋಲ್ಡರಿಗೆ ಹಾಕಿ ತೋರಿಸಿದ.

"ಹಳೇ ಬಲ್ಬು ತಿನ್ನೋ ಕರೆಂಟೆಲ್ಲ ಬರೀ ಬಿಸಿಗೇ ಹೋಗ್ತದಮ್ಮ. ಇದು ಕಾಯೋದೇ ಇಲ್ಲ, ಮುಟ್ಟಿ ನೋಡು. ಸಂಜೆ ಬಂದು ಎಲ್ಲಾ ರೂಮಿಗೂ ಹಾಕ್ಕೊಡ್ತೀನಿ."

"ನೀನಾ? ಅವರು ಅಯ್ಯೋ ಅಂದ್ರೆ ಸಾಕು, ಐಸ್‌ಕ್ರೀಮ್ ಕರಗಿದಂಗೆ ಕರಗ್ತೀಯ. ನಾನೇ ಹೋಗ್ತೀನಿ, ನಡಿ ನಿನ್ನ ಕೆಲಸಕ್ಕೆ."

ಸ್ಟೂಲು ಕಂಕುಳಲ್ಲಿ, ಬಲ್ಬುಗಳ ಬುಟ್ಟಿ ಸೊಂಟದಲ್ಲಿ ಇಟ್ಟುಕೊಂಡು ಹೊರಟಳು. ಬಾಗಿಲು ತಟ್ಟುವುದು, ಒಳನುಗ್ಗುವುದು, ಸ್ಟೂಲು ಹತ್ತಿ ಹಳೆಯದನ್ನು ಒತ್ತಿ ತಿರುಗಿಸಿ ಕೀಳುವುದು. ಎಲ್ಲ ಬಲ್ಬಿನ ಮೇಲೂ ನೊಣ ಕೂತ ಚುಕ್ಕಿ, ಹೊಗೆಯ ಜಿಡ್ಡು. "ಇದನ್ನೊಂದ್ ಸಲ ಒರೆಸೋಕೂ ನಿಮ್ಮೂರಿಂದ ಆಳು ಬರ್ಬೇಕಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತ ಸಾಗಿ ಮೂಲೆಯ ರೂಮಿಗೆ ಬಂದಳು. ಅದು ಜಟ್ಟೆಮ್ಮನ ರೂಮು. ಅವಳ ಗಂಡ ಹುಸೇನಪ್ಪ ಮಾರತ್ತಹಳ್ಳಿಯ ಹತ್ತಿರ ಸೆಂಟ್ರಿಂಗ್ ಕೆಲಸಕ್ಕೆ ಆಗಲೇ ಹೋಗಿದ್ದ. ಜಟ್ಟೆಮ್ಮ ತಾನು ಕಸ ಗುಡಿಸುವ ಅಪಾರ್ಟ್‌ಮೆಂಟಿಗೆ ಹೊರಡಲು ತುರುಬು ಕಟ್ಟುತ್ತಿದ್ದಳು.

ಆ ರೂಮಿನಲ್ಲಿ ಬಲ್ಬು ಚಾವಣಿಯಲ್ಲಿರಲಿಲ್ಲ. ವೈರು ಎಳೆದು ನೆಲದ ಮೇಲಿನ ಬಿದಿರುಬುಟ್ಟಿಯ ಬಾಯಿಗೆ ಇಳಿಬಿಟ್ಟಿತ್ತು. ಬುಟ್ಟಿಯೊಳಗೆ ಹಳೆಯ ಕಂಬಳಿ ತುಂಡಿನ ಮೇಲೆ ಕೋಳಿಮರಿಗಳು ಬೆಳಕಿನಡಿ ಒತ್ತಿಕೊಂಡು ಮಲಗಿದ್ದವು.

"ನನ್ನ ಕೋಳಿ ಎಲ್ಲೇ?"

"ಮೊನ್ನಿ ನಾಯಿ ಹಿಡದೈತ್ರಿ ಅಮ್ಮಾರ. ಯಜಮಾನರ ಮುಂದ ಹೇಳೀನ್ರಿ."

ಚಿಕ್ಕಮುನಿಯಪ್ಪ ಅದನ್ನು ತನಗೆ ಹೇಳದೆ ನುಂಗಿಕೊಂಡು ತಿರುಗುತ್ತಿದ್ದುದು ವೆಂಕಟಮ್ಮನಿಗೆ ಆಗ ಹೊಳೆಯಿತು.

ಕೋಳಿ ವೆಂಕಟಮ್ಮನದು, ಸಾಕಣೆ ಜಟ್ಟೆಮ್ಮನದು. ಊರಿನ ಹಳೆಯ ಪದ್ಧತಿ ಅದು: ಒಬ್ಬರು ಕೋಳಿಯನ್ನು ಪಾಲಿಗೆ ಬಿಡುತ್ತಾರೆ, ಇನ್ನೊಬ್ಬರು ಕಾವಿಗೆ ಕೂರಿಸಿ ಮರಿ ಬೆಳೆಸುತ್ತಾರೆ, ಮರಿಗಳಲ್ಲಿ ಅರ್ಧ ಅರ್ಧ. ಸಾಕುವವರ ಅಲಕ್ಷ್ಯದಿಂದ ಸತ್ತದ್ದು ಸಾಕುವವರ ಲೆಕ್ಕಕ್ಕೆ. ಈ ವಿಷಯದಲ್ಲಿ ವೆಂಕಟಮ್ಮನ ಮಾತಿಗೆ ಊರಲ್ಲಿ ತೂಕವಿತ್ತು. ಲೇಔಟು ಬಂದಾಗ ಮೈದುನ ಇವರ ಪಾಲಿನ ಹೊಲವನ್ನೂ ಸೇರಿಸಿ ಮಾರಿಕೊಂಡಿದ್ದ. ಅಂದಿನಿಂದ ಅವಳು ಕುಂಬಳಕಾಯಿ ಹಂಚುವಾಗಲೂ ನಾಲ್ಕು ಜನ ನೋಡುವಂತೆ ಕುಯ್ಯುತ್ತಿದ್ದಳು. ಪಕ್ಕದ ಮನೆಯ ಓರಗಿತ್ತಿ, ಆ ಮೈದುನನ ಹೆಂಡತಿ ರಾಮಲಕ್ಷ್ಮಮ್ಮನಿಗೆ ಕೇಳುವಂತೆ, "ಇನ್ನೊಬ್ರ ಪಾಲು ತಿಂದ ಬಾಯಲ್ಲ ಇದು" ಎನ್ನುತ್ತಿದ್ದಳು. ಹೊಲ ಹೋದ ಮೇಲೆ ಅವಳಿಗೆ ಉಳಿದಿದ್ದ ಆಸ್ತಿ ಅದೊಂದೇ ಮಾತು.

"ಕೋಳಿ ನಾಯಿ ಬಾಯಿಗೆ ಹಾಕಿ, ಈಗ ನನ್ನ ಕರೆಂಟಲ್ಲಿ ದೀಪಾವಳಿ ಮಾಡ್ತಿದೀಯಾ?"

"ತಾಯಿ ಇಲ್ಲಲ್ರಿ ಅಮ್ಮಾರ, ಕಾವು ಬೇಕಲ್ರಿ ಅವಕ್ಕ. ಇದೊಂದ್ ಬಲ್ಬ್ ಬಿಡ್ರಿ, ರೆಕ್ಕಿ ಬಲಿಯೂ ತನಕ."

"ಇದು ಹೊಸದು. ಅದಕ್ಕಿಂತ ಬೆಳಕು ಜಾಸ್ತಿ."

"ಬೆಳಕು ತಗೊಂಡು ಏನ್ ಮಾಡ್ತಾವ್ರಿ ಮರಿ?"

"ಅದನ್ನೇ ನಾನೂ ಕೇಳ್ತಿರೋದು. ಓದ್ಕೊಂಡು ಪರೀಕ್ಷೆ ಬರೀತಾವಾ, ರಾತ್ರಿ ಹಗಲು ಲೈಟು ಹಾಕೋಕೆ? ಕರೆಂಟು ಕಾಣದ ಕಾಲದಿಂದ ಕೋಳಿ ಸಾಕಿದೀವಿ ನಾವು. ನಿನ್ನತ್ರ ಕಲೀಬೇಕಾ?"

ಹೇಳುತ್ತಲೇ ಬಲ್ಬಿಗೆ ಕೈಹಾಕಿದಳು. ಹಾಕಿದ್ದೇ ಚುರ್ರೆಂದಿತು. ಕೈ ಕೊಡವಿ, ಸೆರಗು ಮಡಿಸಿ ಹಿಡಿದು ತಿರುಗಿಸಿದಳು. ಸೆರಗಿನ ಮಡಿಕೆಯನ್ನೂ ದಾಟಿ ಬಿಸಿ ಅಂಗೈಗೆ ಬಡಿಯುತ್ತಿತ್ತು. "ನೋಡು ಹೆಂಗ್ ಕಾದಿದೆ! ಅದಕ್ಕೇ ಇಷ್ಟು ಕರೆಂಟು ತಿನ್ನೋದು," ಎಂದಳು. ಎಲ್ಇಡಿ ಹಾಕಿದಳು. ರೂಮು ಬೆಳ್ಳಗಾಯಿತು, ಗೋಡೆಯ ಬಿರುಕು, ಮೂಲೆಯ ಬಿಂದಿಗೆ, ಜಟ್ಟೆಮ್ಮನ ಮುಖ, ಎಲ್ಲ ಒಂದೇ ಸಲ ಕಂಡವು. ಜಟ್ಟೆಮ್ಮ ಬುಟ್ಟಿಗೆ ತನ್ನ ಸ್ವೆಟರು ಹೊದಿಸಿ ಕೆಲಸಕ್ಕೆ ಹೋದಳು.

ಯಾರೂ ಕದ್ದು ಮತ್ತೆ ಹಾಕಿಕೊಳ್ಳಬಾರದೆಂದು ವೆಂಕಟಮ್ಮ ಹಳೆಯ ಬಲ್ಬುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ಮೇಲೊಂದು ಕಲ್ಲು ಎತ್ತಿಹಾಕಿ, ಒಡೆದ ಚೂರನ್ನು ಕಸದ ಗಾಡಿಗೆ ಕೊಟ್ಟಳು. ಆ ಸದ್ದು ಕೇಳಿ ಅವಳಿಗೆ ಹಿತವೆನ್ನಿಸಿತು.

ಮರುದಿನ ಬೆಳಗ್ಗೆ ಮತ್ತೆ ಅದೇ ಬಿಸಿಲು, ಅದೇ ಅವರೆಕಾಳು. ಸುಟ್ಟ ಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದು ಹಿತುಕಲು ಆಗುತ್ತಿರಲಿಲ್ಲ. ಮೋಟುಗೋಡೆಯಾಚೆ ರಾಮಲಕ್ಷ್ಮಮ್ಮ ಬಟ್ಟೆ ಹರವುತ್ತಿದ್ದಳು. ಜಟ್ಟೆಮ್ಮ ಬಿದಿರುಬುಟ್ಟಿ ತಂದು ಜಗಲಿಯ ಮೇಲಿಟ್ಟಳು. ಇನ್ನೊಂದು ಕೈಯಲ್ಲಿ ಪೇಪರಿನ ಪೊಟ್ಟಣವಿತ್ತು. ಅದನ್ನು ಬುಟ್ಟಿಯ ಪಕ್ಕದಲ್ಲಿ ಬಿಚ್ಚಿದಳು. ಬುಟ್ಟಿಯಲ್ಲಿ ನಾಲ್ಕು ಮರಿಗಳು ಮಿಸುಕುತ್ತಿದ್ದವು, ಪೊಟ್ಟಣದಲ್ಲಿ ಐದು ಕಾಲು ಸೆಟೆದು ಮಲಗಿದ್ದವು.

"ಬಾಟ್ಲಿಗೆ ಬಿಸಿನೀರು ತುಂಬಿ ನಡುವ ಇಟ್ಟಿದ್ನಿರಿ. ಅದಕ್ಕ ಹತ್ತಿ ಮಲಗಿದ್ವು ಉಳದಾವು. ಊರೆಲ್ಲ ಹುಡುಕೀನಿ, ಆ ಬಲ್ಬ್ ಒಂದೂ ಅಂಗಡ್ಯಾಗ ಸಿಗಲಿಲ್ಲ. ಪಾಲು ಮಾಡ್ರಿ ಅಮ್ಮಾರ."

ಗೋಡೆಯಾಚೆ ಬಟ್ಟೆ ಕೊಡವುವ ಸದ್ದು ನಿಂತಿತು. ವೆಂಕಟಮ್ಮನಿಗೆ ಅದು ಕೇಳಿಸಿತು. ದನಿ ಏರಿಸಿದಳು.

"ಏನ್ ಪಾಲು? ಸತ್ತಿದ್ದಕ್ಕೆ ಸಾಕೋರೇ ಹೊಣೆ. ಕೋಳಿ ನಾಯಿಗೆ, ಮರಿ ಚಳಿಗೆ! ನಿಗಾ ಇಲ್ದಿರೋಳು ಪಾಲಿಗ್ ಯಾಕ್ ತಗೋಬೇಕು?"

"ಹೌದ್ರಿ," ಎಂದಳು ಜಟ್ಟೆಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯವನೊಡನೆ ಮಾತು ಮುಗಿಸುವವರ ದನಿ. "ಅದಕ್ಕ ಜೀವ ಇದ್ದಾವು ನಿಮ್ಮ ಪಾಲಿಗಿ ಬಿಟ್ಟೀನಿ. ಸತ್ತಾವು ನಂದು." ಪೊಟ್ಟಣ ಮಡಿಸಿದಳು. "ನನಗ ಒಂದು ಹೆಚ್ಚಿಗಿ ಬಂದೈತಿ. ಇರ್ಲಿ ಬಿಡ್ರಿ, ನೀವೇನು ವಾಪಸ್ ಕೇಳಾವ್ರಲ್ಲ."

ವೆಂಕಟಮ್ಮ ಬುಟ್ಟಿಯನ್ನು ಕಾಲಿನಿಂದ ಒಂದಿಷ್ಟು ಮುಂದೆ ತಳ್ಳಿ, "ಎರಡು ತಗೊಂಡ್ ಹೋಗೇ, ದೊಡ್ಡದಾಗಿ ಮಾತಾಡ್ತಾಳೆ," ಎಂದಳು.

"ಬ್ಯಾಡ್ರಿ. ನಮ್ಮ ರೂಮಿನ್ಯಾಗ ಅವಕ್ಕ ಓದಾಕ ಬರಲಿಲ್ಲ."

ಹೇಳಿ, ಪೊಟ್ಟಣ ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ ಹೋದಳು.

"ಪಾಲು ಚೊಕ್ಕವಾಗಾಯ್ತಲ್ಲಕ್ಕಾ," ಎಂದಳು ಗೋಡೆಯಾಚೆಯಿಂದ ರಾಮಲಕ್ಷ್ಮಮ್ಮ. ಇಷ್ಟು ವರ್ಷ ತಿಂದ ಮಾತುಗಳನ್ನೆಲ್ಲ ಒಂದೇ ಸಲ ತಿರುಗಿಸಿಕೊಟ್ಟು ಮತ್ತೆ ಬಟ್ಟೆ ಹರವತೊಡಗಿದಳು.

ವೆಂಕಟಮ್ಮ ಮುರಳಿಗೆ ಫೋನು ಮಾಡಿಸಿ ಹಳೇ ಬಲ್ಬೊಂದು ತರಲು ಹೇಳಿದಳು. "ಹಳೇ ಬಲ್ಬು ಈಗ್ಯಾರಮ್ಮ ಇಡ್ತಾರೆ? ನೀನೇ ಅಲ್ವಾ ಒಡೆದಾಕಿದ್ದು!" ಎಂದು ನಕ್ಕು ಇಟ್ಟುಬಿಟ್ಟ. ಚಿಕ್ಕಮುನಿಯಪ್ಪ ಬಂದು ಬುಟ್ಟಿ ಇಣುಕಿ, ಹೆಂಡತಿಯ ಮುಖ ನೋಡಿ, ಬಂದ ದಾರಿಯಲ್ಲೇ ಹೋದ.

ಬಿಸಿಲು ಇದ್ದಷ್ಟು ಹೊತ್ತು ಮರಿಗಳು ಸುಮ್ಮನಿದ್ದವು. ಬಿಸಿಲು ಜಗಲಿಯಿಂದ ಇಳಿದಾಗ ಅವಳು ಬುಟ್ಟಿಯನ್ನು ಅಂಗಳಕ್ಕಿಟ್ಟಳು. ಅಂಗಳದಿಂದಲೂ ಬಿಸಿಲು ಸರಿಯಿತು. ಮರಿಗಳು ಕಿಚಕಿಚನೆ ಒರಲತೊಡಗಿದವು. ಜಗಲಿಗೆ ಮರಳಿ, ನಾಲ್ಕನ್ನೂ ಎತ್ತಿ ಮಡಿಲಿಗೆ ಹಾಕಿಕೊಂಡು ಮೇಲೆ ಸೆರಗು ಮುಚ್ಚಿದಳು. ಒರಲು ನಿಂತಿತು. ಎದ್ದರೆ ಮತ್ತೆ ಶುರು. ಹಿತುಕದ ಕಾಳು ಪಾತ್ರೆಯಲ್ಲಿ ಹಾಗೇ ಉಳಿಯಿತು.

ಮುಸ್ಸಂಜೆಗೆ ರೂಮುಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ಕಣದ ತುಂಬ ಹಾಲಿನಂಥ ಬೆಳಕು. ಮೂಲೆ ರೂಮಿನ ಬಾಗಿಲು ತೆರೆದೇ ಇತ್ತು. ಜಟ್ಟೆಮ್ಮ ರೊಟ್ಟಿ ಬಡಿಯುತ್ತಿದ್ದಳು. ವೆಂಕಟಮ್ಮ ಜಗಲಿಯಲ್ಲಿ ಕಾಲು ಜೋಮು ಹಿಡಿದರೂ ಅಲ್ಲಾಡದೆ ಕೂತಿದ್ದಳು. ಸೆರಗಿನೊಳಗಿಂದ ಒಂದು ಮರಿ ತಲೆ ಹೊರಹಾಕಿ, ಅವಳ ಬೆರಳಿನ ಬೊಬ್ಬೆಯನ್ನು ಕಾಳೆಂದುಕೊಂಡು ಕುಕ್ಕಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಅದು ಇನ್ನೊಮ್ಮೆ ಕುಕ್ಕಿತು.